ಮಿಲ್ಲಿನೊಳಗೆ ಸಾವಧಾನ್

ಇದು ನಡೆದ ಕಥೆ. ಬರೀ ನಡೆದದ್ದಲ್ಲ, ಓಡಿ, ಎಡವಿ, ಮೂಗು ಜಜ್ಜಿಕೊಂಡ ಕಥೆ. ನಾನು ಮಿಮಿಕ್ರಿ ಮಾಡುವವನು, ಬೇರೆಯವರ ದನಿಯಲ್ಲಿ ಎಷ್ಟು ಸುಳ್ಳನ್ನಾದರೂ ಹೇಳಬಲ್ಲೆ. ಇದನ್ನು ಮಾತ್ರ ಸ್ವಂತ ದನಿಯಲ್ಲಿ ಹೇಳುತ್ತಿದ್ದೇನೆ. ಆದ್ದರಿಂದ ಧಾರಾಳವಾಗಿ ನಂಬಬಹುದು.

ನಮ್ಮೂರಿನಲ್ಲಿ ಸದ್ದು ತಡವಾಗಿ ಕೇಳಿಸುತ್ತದೆ. ಒಬ್ಬರ ಬಾಯಿಂದ ಹೊರಟ ಮಾತು ಇನ್ನೊಬ್ಬರ ಕಿವಿ ಸೇರುವಷ್ಟರಲ್ಲಿ ಒಂದು ವೀಳ್ಯದೆಲೆಗೆ ಸುಣ್ಣ ಸವರಿ, ಅಡಿಕೆ ಇಟ್ಟು, ಮಡಿಸಿ ಬಾಯಿಗೆ ಹಾಕಿಕೊಳ್ಳಬಹುದು. ಎದುರಿಗೇ ಕೂತಿದ್ದರೂ ಅಷ್ಟೇ, ಬೀದಿಯಾಚೆ ನಿಂತಿದ್ದರೂ ಅಷ್ಟೇ, ಫೋನಿನಲ್ಲೂ ಅಷ್ಟೇ. ಅಡುಗೆಮನೆಯಲ್ಲಿ ಪಾತ್ರೆ ಬಿದ್ದರೆ ಹೆಂಡತಿ ಅದನ್ನೆತ್ತಿ, ತೊಳೆದು, ಬೋರಲು ಹಾಕಿದ ಮೇಲೆ ನಡುಮನೆಯಲ್ಲಿ ಗಂಡ ಬೆಚ್ಚಿ ಬೀಳುತ್ತಾನೆ. ಸೊಪ್ಪಿನವಳು ಬೀದಿಯನ್ನು ಎರಡು ಸಲ ಸುತ್ತುತ್ತಾಳೆ. ಮೊದಲನೆಯದು ಕೂಗುವುದಕ್ಕೆ, ಎರಡನೆಯದು ಮಾರುವುದಕ್ಕೆ. ಮದುವೆಯಲ್ಲಿ ವರ ತಾಳಿಯನ್ನು ಕೈಗೆ ತೆಗೆದುಕೊಳ್ಳುವ ಮೊದಲೇ ವಾಲಗದವರು ಗಟ್ಟಿಮೇಳ ಬಾರಿಸಿ ಕೈ ಒರೆಸಿಕೊಂಡಿರುತ್ತಾರೆ. ನೆಂಟರು ಹೊಸ್ತಿಲಲ್ಲೇ "ಊಟ ಆಯ್ತು, ಎಲ್ರೂ ಚೆನ್ನಾಗಿದಾರೆ, ಬಸ್ ಸಿಕ್ತು" ಎಂದು ಮೂರು ಪ್ರಶ್ನೆಗಳಿಗೂ ಒಟ್ಟಿಗೆ ಉತ್ತರ ಹೇಳಿ ಒಳಗೆ ಬರುತ್ತಾರೆ. ಹೊರಗಿನವರಿಗೆ ಇದು ವಿಚಿತ್ರ. ನಮಗೆ ಹೊರಗಿನವರೇ ವಿಚಿತ್ರ. ಬಾಯಿ ತೆಗೆದವನ ಮಾತು ಬಾಯಿ ಮುಚ್ಚುವ ಮೊದಲೇ ಬಂದು ಬಡಿಯುವ ಊರುಗಳಲ್ಲಿ ಜನ ಹೇಗೆ ಬಾಳುತ್ತಾರೋ ಎಂದು ಮರುಗುತ್ತೇವೆ.

ಈ ತಡದಿಂದ ನಮ್ಮಲ್ಲೊಂದು ಪದ್ಧತಿ ಬೆಳೆದಿದೆ. ಸಿಟ್ಟಿನಲ್ಲಿ ಆಡಬಾರದ್ದನ್ನು ಆಡಿದಿರಿ ಅನ್ನಿ. ಮಾತು ಇನ್ನೂ ದಾರಿಯಲ್ಲಿರುತ್ತದೆ. ಆಗ ಎರಡೂ ಅಂಗೈಗಳನ್ನು ಎತ್ತಿ ಎದುರಿನವರಿಗೆ ತೋರಿಸಬೇಕು. ಅಂದರೆ, ಈಗ ಬರುತ್ತಿರುವುದನ್ನು ದಯವಿಟ್ಟು ಕೇಳಿಸಿಕೊಳ್ಳಬೇಡಿ ಎಂದರ್ಥ. ಎದುರಿನವರು ಕಿವಿ ಮುಚ್ಚಿಕೊಳ್ಳುತ್ತಾರೆ. ಮಾತು ಬಂದು, ಕಿವಿಯ ಬಾಗಿಲು ತಟ್ಟಿ, ಯಾರೂ ಇಲ್ಲವೆಂದು ಹೊರಟುಹೋಗುತ್ತದೆ. ಅಂಗೈ ತೋರಿಸಿದ ಮೇಲೂ ಕಿವಿ ಮುಚ್ಚದವನನ್ನು ನಮ್ಮೂರಿನಲ್ಲಿ ಯಾರೂ ಮದುವೆಗೆ ಕರೆಯುವುದಿಲ್ಲ.

ಎಲ್ಲರಿಗೂ ಹೊಂದಿಕೊಂಡ ಈ ತಡ ಒಬ್ಬನಿಗೆ ಮಾತ್ರ ಒಗ್ಗಲಿಲ್ಲ. ಅವನು ನಾನು. ನನ್ನ ಹೆಸರು ಅಚ್ಯುತ. ಎಲ್ಲರ ದನಿಯ ಅಚ್ಚು ತೆಗೆಯುತ್ತೇನೆಂದು ಊರಿಗೆಲ್ಲ ಅಚ್ಚು. ಪಕ್ಕದ ಪಟ್ಟಣದ ಕಾಲೇಜಿಗೆ ಹೋಗಿ ಪದವಿ ತಂದೆ. ಊರು ಸೇರುವಷ್ಟರಲ್ಲಿ ಪದಗಳಷ್ಟೇ ಉಳಿದವು. ಅವುಗಳನ್ನೇ ತಿರುಗಿಸಿ ಮುರುಗಿಸಿ ಜನರನ್ನು ನಗಿಸುವುದು ನನ್ನ ಕಸುಬು. ಆದರೆ ಈ ಊರಿನಲ್ಲಿ ನಗಿಸುವವನ ಪಾಡು ಕೇಳಿ. ನಾನು ಜೋಕು ಹೇಳುತ್ತೇನೆ. ಅದು ನಿಧಾನಕ್ಕೆ ಹೋಗುತ್ತದೆ. ಅಷ್ಟು ಹೊತ್ತೂ ಬೇಳೆ ಆರಿಸುವಾಗ ಇರುವಂಥ ಮುಖಗಳನ್ನು ನೋಡುತ್ತಾ ನಿಂತಿರಬೇಕು. ಆಮೇಲೆ ಅವರು ನಗುತ್ತಾರೆ, ಸದ್ದಿಲ್ಲದೆ. ಆ ನಗು ನನ್ನ ಕಿವಿಗೆ ಬರುವ ಹೊತ್ತಿಗೆ ಅವರು ನಕ್ಕು ಮುಗಿಸಿ ಮತ್ತೆ ಬೇಳೆಯ ಮುಖಕ್ಕೆ ಮರಳಿರುತ್ತಾರೆ. ಗಂಟಿಕ್ಕಿದ ಮುಖಗಳ ಕಡೆಯಿಂದ ಗೊಳ್ಳೆಂಬ ನಗು ಬರುವುದಿದೆಯಲ್ಲ, ಅದಕ್ಕಿಂತ ಬೈದರೇ ವಾಸಿ.

ಇಂಥ ಊರಿಗೆ ಕಮಲಕ್ಕ ಒಂದು ಆಟವನ್ನು ತಂದಳು. ಕಮಲಾಕ್ಷಿ ಹಿಟ್ಟಿನ ಮಿಲ್ಲಿನ ಒಡತಿ. ಅಂಗಡಿಯಲ್ಲಿ ಪ್ಯಾಕೆಟ್ ಹಿಟ್ಟು ಬಂದ ಮೇಲೆ ಮಿಲ್ಲಿನ ಕಲ್ಲು ನಿಂತಿತು. ದೂರದ ಶಹರದಲ್ಲಿ ಯಾವುದೋ ಆಟದಂಗಡಿ ಬಾಗಿಲು ಹಾಕಿದಾಗ ಅಲ್ಲಿನ ನಾಲ್ಕು ವಿಆರ್ ಕನ್ನಡಕಗಳನ್ನೂ, ಕೈಯಲ್ಲಿ ಹಿಡಿಯುವ ಹಿಡಿಗಳನ್ನೂ, ಒಂದು ದೊಡ್ಡ ಟಿವಿಯನ್ನೂ ಇದ್ದಬದ್ದ ದುಡ್ಡನ್ನೆಲ್ಲ ಸುರಿದು ಕೊಂಡು ತಂದು ಮಿಲ್ಲಿನಲ್ಲಿಟ್ಟಳು. ಕಣ್ಣು, ಹಣೆ, ಅರ್ಧ ಮೂಗನ್ನು ನುಂಗುವ ಆ ಕನ್ನಡಕವನ್ನು ಊರು ನೋಡಿದ ಕೂಡಲೇ, ದನದ ಬಾಯಿಗೆ ಹಾಕುವುದು ಬಾಯಿಕುಕ್ಕೆಯಾದರೆ ಇದು ಕಣ್‌ಕುಕ್ಕೆ ಎಂದು ಹೆಸರಿಟ್ಟಿತು. ನಾಲ್ಕರಲ್ಲಿ ಒಂದು ಬಂದ ವಾರವೇ ಕುರುಡಾಯಿತು. ಉಳಿದ ಮೂರರಲ್ಲಿ ಒಂದರ ಪಟ್ಟಿ ಹರಿದಿತ್ತು. ಕಮಲಕ್ಕ ಅದಕ್ಕೆ ಲಂಗದ ಲಾಡಿ ಹೊಲಿದಳು.

ಕಣ್‌ಕುಕ್ಕೆ ಹಾಕಿಕೊಂಡರೆ ನೀವು ಯಾವುದೋ ಪಾಳುಬಿದ್ದ ಪಟ್ಟಣದ ನಡುಬೀದಿಯಲ್ಲಿ ಬಂದೂಕು ಹಿಡಿದು ನಿಂತಿರುತ್ತೀರಿ. ಶಿರಸ್ತ್ರಾಣ ತೊಟ್ಟ ಸಿಪಾಯಿಗಳು ಬಂದು ಹೊಡೆಯುತ್ತಾರೆ. ನೀವು ನಿಜವಾಗಿ ಬಗ್ಗಬೇಕು, ನಿಜವಾಗಿ ಒಂದು ಕಣ್ಣು ಮುಚ್ಚಿ ಗುರಿ ಹಿಡಿಯಬೇಕು. ಗುಂಡು ಮುಗಿದರೆ ಸೊಂಟಕ್ಕೆ ಕೈ ಹಾಕಿ ಹೊಸ ಗುಂಡಿನ ಡಬ್ಬಿ ಎಳೆದು ಬಂದೂಕಿಗೆ ಸಿಕ್ಕಿಸಬೇಕು. ನಮ್ಮೂರಿನವರು ಮೊದಮೊದಲು ಒಬ್ಬರೂ ಬದುಕಿ ಬರಲಿಲ್ಲ. ಕಾರಣ ಸರಳ: ಗುಂಡಿನ ಸದ್ದು ಕೇಳಿದರೆ ಅದು ಆಗಲೇ ಎಲ್ಲೋ ಹೋಗಿ ಬಿದ್ದಿರುತ್ತದೆ ಎಂದು ನಾವು ನಿಶ್ಚಿಂತೆಯಿಂದ ನಿಂತುಬಿಡುತ್ತಿದ್ದೆವು. ಢಂ ಅಂದ ಕೂಡಲೇ ಬಗ್ಗಬೇಕೆಂದು ನಮಗೆ ಹೇಗೆ ಗೊತ್ತಾಗಬೇಕು? ಕಣ್‌ಕುಕ್ಕೆಯೊಳಗೆ ಸದ್ದು ತಡವಾಗುವುದಿಲ್ಲವೆಂದು ಊರಿಗೆ ತಿಳಿದದ್ದು ಹೀಗೆ, ಸತ್ತು ಸತ್ತು.

ಆಮೇಲೆ ಒಬ್ಬರ ಮಾತು ಇನ್ನೊಬ್ಬರಿಗೂ ಅದರೊಳಗೆ ಥಟ್ಟನೆ ಕೇಳುತ್ತದೆಂದು ತಿಳಿಯಿತು. ಅದೇ ಮಾತು ಹೊರಗಿನ ಗಾಳಿಯಲ್ಲಿ ಎಂದಿನಂತೆ ತಡವಾಗಿ ಎರಡನೇ ಸಲವೂ ಬರುತ್ತಿತ್ತು, ಕಂಬಳಿ ಹೊದ್ದವರು ಮಾತಾಡಿದ ಹಾಗೆ ಮೆತ್ತಗೆ. ಅದನ್ನು ಯಾರು ಕೇಳುತ್ತಾರೆ? ಗುಂಡು ಹಾರಿಸಲು ಬಂದವರು ಹರಟೆ ಹಾರಿಸತೊಡಗಿದರು. ಇಬ್ಬರು ಅಕ್ಕತಂಗಿಯರು ಬಂದೂಕನ್ನು ಕಂಕುಳಿಗೆ ಸಿಕ್ಕಿಸಿ ಪಾಳುಬಿದ್ದ ಚರ್ಚಿನ ಮೆಟ್ಟಿಲ ಮೇಲೆ ಕೂತು, ಒಬ್ಬಳ ಮಾತಿನ ಬಾಲವನ್ನು ಇನ್ನೊಬ್ಬಳು ಹಿಡಿದು, ಜೀವಮಾನದಲ್ಲಿ ಮೊದಲ ಸಲ ಇಬ್ಬರೂ ಒಟ್ಟಿಗೆ ಮಾತಾಡಿದರು. ನಾನು ಮೊದಲ ದಿನವೇ ಒಂದು ಜೋಕು ಹೇಳಿದೆ. ಬಾಯಿ ಮುಚ್ಚಿರಲಿಲ್ಲ, ನಗು ಬಂತು. ಬಿಸಿಬಿಸಿ, ಬಾಣಲೆಯಿಂದ ನೇರ ತಟ್ಟೆಗೆ. ಕುಕ್ಕೆಯೊಳಗೆ ಯಾರಿಗೂ ಕಾಣುವುದಿಲ್ಲವೆಂಬ ಧೈರ್ಯದಲ್ಲಿ ಕಣ್ಣೊರೆಸಿಕೊಳ್ಳಲು ಹೋಗಿ ಹಿಡಿಯಿಂದ ಕುಕ್ಕೆಗೇ ಕುಟ್ಟಿಕೊಂಡೆ.

ದೋಷ ಇದ್ದದ್ದೂ ಅಲ್ಲೇ. ಟೈಲರ್ ಯಲ್ಲೋಜಿ ಮತ್ತು ಅವನ ಭಾವಮೈದುನ ಸುಬ್ಬಣ್ಣ ಒಂದೇ ಗೋಡೆಯ ಎರಡು ಅಂಗಡಿಗಳಲ್ಲಿ ಕೂತು ಒಂದೇ ಬುತ್ತಿ ಉಣ್ಣುತ್ತಿದ್ದವರು. ಒಂದು ಸಂಜೆ ಆಟದಲ್ಲಿ ಸುಬ್ಬಣ್ಣ ತಪ್ಪಿ ಯಲ್ಲೋಜಿಯ ಬೆನ್ನಿಗೇ ಗುಂಡು ಹೊಡೆದ. ಯಲ್ಲೋಜಿಯ ಬಾಯಿಂದ ಒಂದು ಮಾತು ಬಂತು, ತನಗೆ ಹೆಣ್ಣು ಕೊಟ್ಟ ಮನೆತನದ ಮೇಲೆ. ಹೊರಗಾಗಿದ್ದರೆ ಅಂಗೈ ಎತ್ತುತ್ತಿದ್ದ, ಇವನು ಕಿವಿ ಮುಚ್ಚುತ್ತಿದ್ದ, ಅಲ್ಲಿಗೆ ಮುಗಿಯುತ್ತಿತ್ತು. ಒಳಗೆ ಅಂಗೈ ಎತ್ತುವಷ್ಟರಲ್ಲಿ ಮಾತು ಹೋಗಿ ನಾಟಿತ್ತು. ಅಂದಿನಿಂದ ಬುತ್ತಿ ಬೇರೆಯಾಯಿತು. ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಸುಬ್ಬಣ್ಣನ ಅಕ್ಕ, ಅಂದರೆ ಯಲ್ಲೋಜಿಯ ಹೆಂಡತಿ, ಊರ ಸಮಿತಿಯ ಮುಂದೆ ಹೋಗಿ, ಆ ಮಿಲ್ಲನ್ನು ಮುಚ್ಚಿಸಿ ಅಂದಳು.

ಸಮಿತಿಯ ಅಧ್ಯಕ್ಷರು ಮೃತ್ಯುಂಜಯಪ್ಪ ಮೇಷ್ಟ್ರು. ಶಾಲೆಯಲ್ಲಿ ನಮ್ಮೆಲ್ಲರಿಗೂ ಡ್ರಿಲ್ ಹೇಳಿಕೊಟ್ಟವರು. ನಮ್ಮಪ್ಪ ಅದೇ ಶಾಲೆಯ ಕನ್ನಡ ಮೇಷ್ಟ್ರಾಗಿದ್ದರು; ತೀರಿಕೊಳ್ಳುವವರೆಗೂ ಇಬ್ಬರಿಗೂ ಗಳಸ್ಯಕಂಠಸ್ಯ. ಈ ಊರಿನಲ್ಲಿ ಡ್ರಿಲ್ ಮೇಷ್ಟ್ರಾಗುವುದು ಎಂಥ ಶಿಕ್ಷೆ ಎಂದು ಯೋಚಿಸಿ. "ಸಾವಧಾನ್!" ಎಂದು ಗರ್ಜಿಸಿದರೆ ಮಕ್ಕಳು ಮೂಗಿನಲ್ಲಿ ಬೆರಳಿಟ್ಟುಕೊಂಡು ನಿಂತೇ ಇರುತ್ತಿದ್ದರು. ಮೇಷ್ಟ್ರು ಎದೆಯುಬ್ಬಿಸಿ, ಉಸಿರು ಹಿಡಿದು ಕಾಯಬೇಕು. ಮಾತು ಬಂದು ನಾವು ಟಪ್ಪೆಂದು ಹಿಮ್ಮಡಿ ಕೂಡಿಸುವ ಹೊತ್ತಿಗೆ ಅವರ ಉಸಿರೇ ಮುಗಿದಿರುತ್ತಿತ್ತು. ಅವರು ನಕ್ಕದ್ದನ್ನು ಯಾರೂ ನೋಡಿಲ್ಲ. ನನ್ನ ಮಿಮಿಕ್ರಿಯಲ್ಲಿ ಅತಿ ಜನಪ್ರಿಯ ಐಟಮ್ ಅವರೇ ಎಂದು ಬೇರೆ ಹೇಳಬೇಕಾಗಿಲ್ಲ. ಅವರ ಮುಂದೆ ಮಾತ್ರ ಎಂದೂ ಮಾಡಿರಲಿಲ್ಲ.

"ಕೇಳಿದ್ದನ್ನ ನಂಬಿ ತೀರ್ಪು ಕೊಡೋನಲ್ಲ ನಾನು. ಭಾನುವಾರ ನಾನೇ ಆಡಿ ನೋಡ್ತೀನಿ. ಅವತ್ತೇ, ಅಲ್ಲೇ ಹೇಳ್ತೀನಿ, ಮಿಲ್ಲು ಇರಬೇಕೋ ಹೋಗಬೇಕೋ ಅಂತ" ಎಂದರು ಮೇಷ್ಟ್ರು.

ಶನಿವಾರ ಕಮಲಕ್ಕ ನನ್ನನ್ನು ಮಿಲ್ಲಿಗೆ ಕರೆಸಿ, ಕುಕ್ಕೆ ಹಾಕಿಸಿ, ಒಳಗೆ ಕರೆದೊಯ್ದು ಮಾತಾಡಿದಳು. ತುರ್ತಿನ ಮಾತಿಗೆ ಈಗ ಅದೇ ಜಾಗ.

"ಅಚ್ಚು, ನಾಳೆ ಮೇಷ್ಟ್ರ ಜೊತೆ ನೀನೂ ನಾನೂ ಒಳಗಿರ್ತೀವಿ. ದಾರಿ ತೋರ್ಸೋಕೆ ನೀನು ಬೇಕು. ಆದ್ರೆ ನಿನ್ನ ಕಾಲಿಗೆ ಬೀಳ್ತೀನಿ, ನಾಳೆ ಒಂದಿನ ಆ ನಿನ್ನ ಗಂಟಲಿಗೆ ಬೀಗ ಹಾಕ್ಕೊಂಡು ಬಾ."

"ಬೀಗ ಹಾಕ್ಕೊಂಡ್ರೆ ದಾರಿ ಹೇಗಕ್ಕ ಹೇಳ್ಲಿ? ಬೀಗರ ಥರ ಸುಮ್ನೆ ಕೂತ್ಕೊಳ್ಳಾ?"

"ನೋಡು, ಶುರುವಾಯ್ತು! ತಮಾಷೆ ಅಲ್ಲ ಕಣೋ. ಕಲ್ಲು ನಿಂತಾಗ್ಲೇ ನಮ್ಮಕ್ಕ ಬಂದು ಇರು ಅಂದಿದ್ಲು. ಅವಳ ಮನೇಲಿ ಯಾವ ಮೂಲೇಲಿ ಚಾಪೆ ಹಾಸ್ತಾಳೆ ಅಂತಾನೂ ನಂಗೊತ್ತು. ಅಲ್ಲಿಗೆ ಹೋಗ್ಬಾರ್ದು ಅಂತ ಇದನ್ನ ತಂದೆ. ನಾಳೆ ಇದೂ ಹೋದ್ರೆ ಆ ಮೂಲೆಗೇ."

ಆಣೆ ಮಾಡಿದೆ. ಮಾಡುವಾಗ ಮನಸ್ಸಿನಲ್ಲಿ ಕಪಟ ಇರಲಿಲ್ಲ. ನನ್ನ ಗಂಟಲು ನನ್ನ ಮನಸ್ಸನ್ನು ಕೇಳಿ ಕೆಲಸ ಮಾಡುವುದಿಲ್ಲ, ಅಷ್ಟೇ.

ಭಾನುವಾರ ಮಧ್ಯಾಹ್ನ ಮಿಲ್ಲಿನ ಅಂಗಳದಲ್ಲಿ ಊರಿಗೆ ಊರೇ ಇತ್ತು. ಒಳಗಿನ ಆಟ ತೋರಿಸುವ ಟಿವಿಯನ್ನು ಎಲ್ಲರಿಗೂ ಕಾಣುವಂತೆ ಹೊರಗೆ ತಿರುಗಿಸಿದ್ದರು, ಮಿಲ್ಲಿನ ದೊಡ್ಡ ಬಾಗಿಲನ್ನೂ ತೆಗೆದಿಟ್ಟಿದ್ದರು. ಯಲ್ಲೋಜಿ ಅಂಗಳದ ಈ ತುದಿಯಲ್ಲಿ, ಸುಬ್ಬಣ್ಣ ಆ ತುದಿಯಲ್ಲಿ. ಮೇಷ್ಟ್ರು ಇಸ್ತ್ರಿ ಮಾಡಿದ ಬಿಳಿ ಪ್ಯಾಂಟು, ಕ್ಯಾನ್ವಾಸ್ ಶೂ ಹಾಕಿ, ಕೊರಳಲ್ಲಿ ಸೀಟಿ ತೂಗುಹಾಕಿಕೊಂಡು ಬಂದರು. ಕಮಲಕ್ಕ ನಮ್ಮೂರಿನ ರೂಢಿಯಂತೆ ಅವರು ಕೇಳುವ ಮೊದಲೇ ಉತ್ತರ ಶುರು ಮಾಡಿದ್ದಳು. ಆದ್ದರಿಂದ ಪ್ರಶ್ನೆಯೂ ಉತ್ತರವೂ ಜನರನ್ನು ಜೊತೆಯಾಗಿ ಮುಟ್ಟಿದವು.

"ಇದರ ಗುಣ ಹೇಳಮ್ಮ, ದೋಷಾನೂ ಹೇಳು. ಬರೀ ಗುಣ ಹೇಳಿದ್ರೆ ಅದು ವ್ಯಾಪಾರ" ಎಂಬುದು ಮೇಷ್ಟ್ರ ಪ್ರಶ್ನೆ.

"ದೋಷಾನೇ ಮೊದಲು ಹೇಳ್ಬಿಡ್ತೀನಿ ಸಾರ್. ಮೂಗಿನ ಮೇಲೆ ಭಾರ. ಬೆವರಿದ್ರೆ ಗಾಜು ಮಂಜಾಗತ್ತೆ. ನಿಂತಲ್ಲೇ ನಿಂತು ಕೈ ಹೆಬ್ಬೆರಳಲ್ಲಿ ಹಿಡಿ ಒತ್ತಿ ನಡೀಬೇಕು. ಕಣ್ಣು ಮುಂದೆ ಹೋಗ್ತಿರತ್ತೆ, ಹೊಟ್ಟೆ ಇಲ್ಲೇ ಇರತ್ತೆ, ಅದಕ್ಕೇ ಕೆಲವರಿಗೆ ಓಕರಿಕೆ. ಶುಂಠಿ ಇಟ್ಟಿದೀನಿ, ಬಕೆಟ್ಟೂ ಇಟ್ಟಿದೀನಿ. ಬಗ್ಗಿ ನೋಡ್ಕೊಂಡ್ರೆ ನಿಮಗೆ ಕಾಲೇ ಇರಲ್ಲ, ಗಾಬರಿ ಆಗ್ಬೇಡಿ. ಸಿಪಾಯಿಗಳು ದಡ್ಡರು, ಒಂದೇ ಬಾಗಿಲಿಂದ ಬರ್ತಾರೆ. ಆಟದಲ್ಲಿ ಊರು ಮೂರೇ ಇರೋದು, ಮೂರೂ ಪಾಳು. ಗುಣ ಅಂದ್ರೆ, ಮೈ ಬಗ್ಗತ್ತೆ, ಕೈ ಗುರಿ ಕಲಿಯತ್ತೆ. ಭಯ ಆದ್ರೂ ಏಟಾಗಲ್ಲ. ಇನ್ನೊಂದು ಗುಣ ಬಾಯಲ್ಲಿ ಹೇಳೋದಲ್ಲ. ಒಳಗೆ ಬನ್ನಿ."

ನೆಲಕ್ಕೆ ತೆಂಗಿನ ನಾರಿನ ಚಾಪೆ ಹಾಸಿತ್ತು. ಕಾಲಿಗೆ ನಾರು ಚುಚ್ಚುತ್ತಿರುವವರೆಗೂ ಕ್ಷೇಮ, ನುಣುಪು ನೆಲ ತಾಗಿದರೆ ಹಿಂದೆ ಸರಿಯಬೇಕು, ಇಲ್ಲದಿದ್ದರೆ ಗೋಡೆ. ಅದು ಕಮಲಕ್ಕನ ಉಪಾಯ. ಅದಕ್ಕಾಗಿ ಮೇಷ್ಟ್ರು ಶೂ ಬಿಚ್ಚಬೇಕಾಯಿತು. ಸಮಿತಿಯ ಅಧ್ಯಕ್ಷರ ಕಾಲುಚೀಲದ ಹೆಬ್ಬೆರಳಲ್ಲಿ ತೂತಿತ್ತೆಂಬುದು ಊರಿಗೆ ಅಂದು ತಿಳಿದ ಮೊದಲ ಸಂಗತಿ.

ಲಾಡಿಯ ಕುಕ್ಕೆಯೇ ಅವರ ಪಾಲಿಗೆ ಬಂತು. ನಾವು ಮೂವರೂ ಪಾಳುಬೀದಿಯಲ್ಲಿ ನಿಂತೆವು. ಮೇಷ್ಟ್ರು ಬಗ್ಗಿ ತಮ್ಮ ಕಾಲು ಹುಡುಕಿದರು, ಸಿಗಲಿಲ್ಲ. ಕೈಯನ್ನು ಗೋಡೆಯೊಳಗೆ ತೂರಿಸಿ ತೆಗೆದರು. ಆಮೇಲೆ, ಮೊದಲಿನಿಂದಲೂ ಬಾಯಲ್ಲಿ ಕಾದಿದ್ದ ಹಾಗೆ, "ಕೇಳತ್ತೇನ್ರೋ?" ಅಂದರು.

"ಕೇಳತ್ತೆ ಸಾರ್" ಎಂದೆವು ಇಬ್ಬರೂ, ಅವರು ಬಾಯಿ ಮುಚ್ಚುವ ಮೊದಲೇ.

ಮೇಷ್ಟ್ರ ಉಸಿರಾಟ ನನ್ನ ಕಿವಿಯಲ್ಲಿ ಕೇಳುತ್ತಿತ್ತು. ಇದ್ದಕ್ಕಿದ್ದಂತೆ ಅವರು ಬೀದಿ ನಡುಗುವ ಹಾಗೆ ಗರ್ಜಿಸಿದರು: "ಸಾವಧಾನ್!"

ಯೋಚಿಸಿ ಮಾಡಿದ್ದಲ್ಲ. ನನ್ನ ಹಿಮ್ಮಡಿ ತಾನಾಗಿ ಕೂಡಿತು, ಕಮಲಕ್ಕನದೂ ಕೂಡಿತು. ನಮಗಲ್ಲಿ ಕಾಲಿಲ್ಲದಿದ್ದರೂ ಎದೆ ಮುಂದಾದದ್ದು, ಕೈ ಸೆಟೆದದ್ದು ಅವರಿಗೆ ಕಂಡಿತು. ಆಜ್ಞೆ ಮತ್ತು ಪಾಲನೆಯ ನಡುವೆ ಒಂದು ಸಾಸಿವೆ ಹೋಗುವಷ್ಟೂ ಸಂದು ಇರಲಿಲ್ಲ. "ವಿಶ್ರಾಮ್!" ಅಂದರು, ಸಡಿಲವಾದೆವು. "ಸಾವಧಾನ್!" ಮತ್ತೆ ಸೆಟೆದೆವು. "ವಿಶ್ರಾಮ್! ಸಾವಧಾನ್! ವಿಶ್ರಾಮ್!" ಅವರ ದನಿ ಮೂವತ್ತು ವರ್ಷ ಚಿಕ್ಕದಾಗುತ್ತಾ ಬಂತು. ಅಷ್ಟರಲ್ಲಿ ಎಂದಿನ ಬಾಗಿಲಿಂದ ಬಂದ ಸಿಪಾಯಿಗಳು, ಸೆಟೆದು ನಿಂತಿದ್ದ ನಮ್ಮಿಬ್ಬರನ್ನೂ ಹೊಡೆದು ಉರುಳಿಸಿದರು.

"ಇದೇನಮ್ಮಾ ಇದು! ಸಾವಧಾನ್‌ನಲ್ಲಿ ನಿಂತೋರಿಗೆ ಹೊಡೆಯೋದಾ? ಯಾವೂರಿನ ಶಿಸ್ತು?" ಎಂದು ಮೇಷ್ಟ್ರು ಸಿಪಾಯಿಗಳ ಮೇಲೆ ಏರಿಹೋದರು. ಬಂದೂಕು ಹಿಡಿದಿದ್ದು ಮರೆತು ಕೋಲಿನ ಹಾಗೆ ಬೀಸಿ, ಅವರೂ ಗುಂಡು ತಿಂದು ಉರುಳಿದರು. ಆಟ ನಮ್ಮೆಲ್ಲರಿಗೂ ಮರುಜೀವ ಕೊಟ್ಟು ಬೀದಿಯ ಮೊದಲಿಗೆ ತಂದು ನಿಲ್ಲಿಸಿತು.

ಕಮಲಕ್ಕ ಅವರಿಗೆ ಗುಂಡಿನ ಡಬ್ಬಿ ಹಾಕುವುದನ್ನು ತೋರಿಸಿದಳು. ಅವರು ಶ್ರದ್ಧೆಯಿಂದ ಕಲಿತರು. ಬಗ್ಗುವುದರಲ್ಲಿ ನಮಗಿಂತ ವಾಸಿ. ನಾಲ್ಕು ಸಿಪಾಯಿಗಳನ್ನು ಉರುಳಿಸಿ, "ಗುರಿ ತಪ್ಪಲ್ಲ ನಂದು" ಎಂದು ತಮ್ಮನ್ನೇ ಮೆಚ್ಚಿಕೊಂಡರು. ಎಲ್ಲ ಸಲೀಸಾಗಿ ನಡೆಯುತ್ತಿತ್ತು. ಮಿಲ್ಲು ಉಳಿಯಿತೆಂದೇ ನನಗನಿಸಿತು. ಸುಮ್ಮನಿರಬೇಕಾಗಿದ್ದ ಘಳಿಗೆ ಅದೇ. ನನ್ನ ಗಂಟಲು ಸುಮ್ಮನಿರಲಿಲ್ಲ.

ಪಾಳು ಚರ್ಚಿನ ಗೋಡೆಯ ಹಿಂದೆ ಅಡಗಿ ನಿಂತು, ಅವರ ದನಿಯನ್ನೇ ತೆಗೆದು ಗರ್ಜಿಸಿದೆ: "ಯಾರೋ ಅದು ಬೆನ್ನು ಬಗ್ಗಿಸ್ಕೊಂಡು ನಿಂತಿರೋದು? ಹೊಟ್ಟೆ ಒಳಗೆ! ಎದೆ ಮುಂದೆ! ಅಕ್ಕಿಮೂಟೆ ಥರ ನಿಂತ್ಕೋಬೇಡ!"

ಮೇಷ್ಟ್ರು ಹೊಟ್ಟೆ ಒಳಗೆಳೆದುಕೊಂಡರು. ಆಮೇಲೆ ಸುತ್ತ ನೋಡಿದರು. ಬೀದಿಯಲ್ಲಿ ಯಾರೂ ಇಲ್ಲ. "ಅಚ್ಚು..." ಎಂದು ಕಮಲಕ್ಕ ಹಲ್ಲು ಕಚ್ಚಿದ್ದು ಕೇಳಿತು. ಆದರೆ ಮೇಷ್ಟ್ರಿಗೆ ನನ್ನ ಮೇಲೆ ಸಂಶಯವೇ ಬರಲಿಲ್ಲ. ತಡವಾಗಿ ಬರುವ ಮಾತುಗಳ ನಡುವೆಯೇ ಮುದುಕರಾದವರು. ತಮ್ಮದೇ ದನಿ ಎಲ್ಲಿಂದಲೋ ಬಂದರೆ ಅವರಿಗೆ ಹೊಳೆಯುವುದು ಒಂದೇ.

"ಕಮಲಾಕ್ಷಿ, ಇದು ನಾನು ಯಾವತ್ತೋ ಹೇಳಿದ್ದಲ್ವಾ? ಶಾಲೇಲಿ ಹೇಳಿದ್ದು. ಎಲ್ಲಿ ಸಿಕ್ಕಾಕ್ಕೊಂಡಿತ್ತೋ, ಈಗ ಬರ್ತಾ ಇದೆ!"

ಇಂಥ ಅವಕಾಶವನ್ನು ಯಾವ ಕಲಾವಿದ ಬಿಟ್ಟಾನು? "ಬಲಗಾಲು ಮೇಲೆ! ಏಕ್, ದೋ! ಏಕ್, ದೋ! ಮಂಡಿ ಎದೆಗೆ ಬರ್ಬೇಕು!" ಅಂದೆ. ತಮ್ಮ ಆಜ್ಞೆಯನ್ನು ತಾವೇ ಮೀರುವುದುಂಟೇ? ನಾರಿನ ಚಾಪೆಯ ಮೇಲೆ ಮೇಷ್ಟ್ರು ಮಂಡಿ ಎತ್ತಿ ಎತ್ತಿ ನಿಂತಲ್ಲೇ ನಡೆದರು. ತೂತಿನಿಂದ ಇಣುಕುತ್ತಿದ್ದ ಹೆಬ್ಬೆರಳು ಮೇಲೆ ಕೆಳಗೆ ಹೋಗುವುದನ್ನು ಅಂಗಳದ ಜನ ಬಾಯಿ ಬಿಟ್ಟು ನೋಡಿದರಂತೆ. "ಇನ್ನೂ ಜೋರು! ನಿಮ್ಮಜ್ಜಿ ನಿನಗಿಂತ ಬಿರುಸಾಗಿ ನಡೀತಾಳೆ!" ಅಂದೆ. "ಹೌದು, ಹೌದು, ಇದನ್ನೂ ಹೇಳ್ತಿದ್ದೆ" ಎಂದು ಏದುಸಿರು ಬಿಡುತ್ತಾ ಒಪ್ಪಿಕೊಂಡರು ಮೇಷ್ಟ್ರು.

ಅಲ್ಲಿ ನಾನು ಸೋತೆ. ಮೇಷ್ಟ್ರ ದನಿಯ ನಡುವಿನಿಂದ ನನ್ನ ನಗು ಪುಸಕ್ಕನೆ ಜಾರಿತು. ನನ್ನ ನಗುವಿಗೆ ಮಿಮಿಕ್ರಿ ಇಲ್ಲ. ಅದು ಕುದುರೆ ಕೆನೆದ ಹಾಗೆ ಎಂದು ಊರಿಗೆಲ್ಲ ಗೊತ್ತು.

ಮೇಷ್ಟ್ರ ಮಂಡಿ ಅರ್ಧದಲ್ಲಿ ನಿಂತಿತು. ಗೋಡೆಯ ಕಡೆ ತಿರುಗಿದರು. ನಾನು ಗೋಡೆ ಬಿಟ್ಟು ಹೊರಗೆ ಬಂದೆ. ಇನ್ನು ಅಡಗಿ ಏನುಪಯೋಗ? ಆ ಪಾಳುಬೀದಿಯಲ್ಲಿ ನಾವಿಬ್ಬರೂ ಎದುರುಬದುರು ನಿಂತೆವು. ಕಮಲಕ್ಕನ ಉಸಿರು ಕೇಳುತ್ತಿತ್ತು, ಅಕ್ಕನ ಮನೆಯ ಮೂಲೆಯನ್ನು ಕಂಡವಳ ಉಸಿರು.

"ನೀನಾ?" ಎಂದರು ಮೇಷ್ಟ್ರು. "ಊರೆಲ್ಲ ನೋಡ್ತಿದೆ ಅಂತ ಗೊತ್ತಿದ್ದೂ ನನ್ನನ್ನ ಕೋತಿ ಥರ ಕುಣಿಸ್ದೆಯಾ? ನಿಮ್ಮಪ್ಪ ಸತ್ತಿದ್ದೇ ಒಳ್ಳೇದಾಯ್ತು. ಇಂಥ ಮಗನ್ನ ನೋಡ್ಕೊಂಡು ಬದುಕೋದಕ್ಕಿಂತ."

ನಮ್ಮೂರಿನಲ್ಲಿ ಹುಟ್ಟಿದವನು ನಾನು. ನನಗೆ ಬಿದ್ದ ಬೈಗುಳಗಳೆಲ್ಲ ದಾರಿಯಲ್ಲೇ ಆರಿ ತಣ್ಣಗಾಗಿ ಬಂದವು. ಬಿಸಿಯಾಗಿದ್ದಾಗಲೇ ಒಂದು ಮಾತು ಕಿವಿಗೆ ಬಿದ್ದದ್ದು ಅದೇ ಮೊದಲು. ಯಲ್ಲೋಜಿ ಸುಬ್ಬಣ್ಣರ ಬುತ್ತಿ ಯಾಕೆ ಬೇರೆಯಾಯಿತೆಂದು ಆಗ ನನಗೆ ಅರ್ಥವಾಯಿತು.

ಆಡಿದ ಮರುಕ್ಷಣವೇ ಮೇಷ್ಟ್ರಿಗೂ ಅರ್ಥವಾಗಿರಬೇಕು. ನಮ್ಮಪ್ಪನ ಹೆಣಕ್ಕೆ ಹೆಗಲು ಕೊಟ್ಟವರು ಅವರು. ಇಡೀ ಆಯುಷ್ಯದ ಅಭ್ಯಾಸದಂತೆ ಎರಡೂ ಅಂಗೈ ಮೇಲೆತ್ತಿದರು, ಬೆರಳುಗಳನ್ನು ಅಗಲಿಸಿ, ನನಗೆ ಚೆನ್ನಾಗಿ ಕಾಣುವಂತೆ. ಆದರೆ ಆ ಆಟದಲ್ಲಿ ಬೆರಳು ಬಿಚ್ಚಿದರೆ ಬಂದೂಕು ಬಿದ್ದುಹೋಗುತ್ತದೆ. ಬಂದೂಕು ಬಿತ್ತು. ಎಂದಿನ ಬಾಗಿಲಿಂದ ಬಂದ ಸಿಪಾಯಿ, ಅಂಗೈ ಎತ್ತಿ ಕ್ಷಮೆ ಬೇಡುತ್ತಿದ್ದ ಮೇಷ್ಟ್ರ ಎದೆಗೆ ನೇರವಾಗಿ ಗುಂಡು ಹೊಡೆದ. ಮೇಷ್ಟ್ರು ಅಂಗೈ ಇಳಿಸಲಿಲ್ಲ. ಕೆಂಪಾಗುತ್ತಾ, ಮಸುಕಾಗುತ್ತಾ, ಎತ್ತಿದ ಕೈಯಲ್ಲೇ ನಿಂತಿದ್ದರು.

ಮಾತು ಆಗಲೇ ಕೇಳಿಬಿಟ್ಟಿದ್ದೆ. ಮುಚ್ಚಿ ಪ್ರಯೋಜನವಿಲ್ಲ. ಆದರೆ ಅಂಗೈ ತೋರಿಸಿದವರ ಮುಂದೆ ಕಿವಿ ತೆರೆದುಕೊಂಡು ನಿಲ್ಲುವುದು ಹೇಗೆ? ನಾನು ಎರಡೂ ಕೈಗಳನ್ನೆತ್ತಿ ಕಿವಿಗಳನ್ನು ಬಿಗಿಯಾಗಿ ಒತ್ತಿಕೊಂಡೆ. ನನ್ನ ಬಂದೂಕೂ ಬಿತ್ತು. ಸಿಪಾಯಿ ನನ್ನನ್ನೂ ಹೊಡೆದ. ಆ ಕ್ಷಣಕ್ಕೇ, ಗಾಳಿಯಲ್ಲಿ ತಡವಾಗಿ ಬರುತ್ತಿದ್ದ ಅದೇ ಮಾತು ಹೊರಗಿನಿಂದ ಎರಡನೇ ಸಲ ನನ್ನ ಬಳಿ ಬಂದಿರಬೇಕು. ಅದಕ್ಕೆ ಮಾತ್ರ ನನ್ನ ಕಿವಿ ಸಿಗಲಿಲ್ಲ.

ಕೆಂಪು ಕತ್ತಲೆಯಲ್ಲಿ ಸತ್ತವರಿಬ್ಬರೂ ಅಕ್ಕಪಕ್ಕ ನಿಂತಿದ್ದೆವು. ಆಟದಲ್ಲಿ ಮರುಜೀವ ಬರುವವರೆಗೆ ಹಾಗೆ ಕಾಯಬೇಕು. ನಾನು ಕಿವಿಯಿಂದ ಕೈ ತೆಗೆದೆ. ಮೇಷ್ಟ್ರು ಮೆಲ್ಲಗೆ ಕೇಳಿದರು: "ಕೇಳಿಸ್ತೇನೋ?"

"ಏನು ಸಾರ್? ಗುಂಡಿನ ಸದ್ದಲ್ಲಿ ಏನೂ ಗೊತ್ತಾಗ್ಲಿಲ್ಲ."

"ಸುಳ್ಳು ಹೇಳ್ತೀಯ."

"ಹೌದು ಸಾರ್."

ನಡುವೆ ಬಂದದ್ದು ಕಮಲಕ್ಕನ ದನಿ, ಅಳುವೋ ಸಿಟ್ಟೋ ತಿಳಿಯದ ದನಿ: "ಇಬ್ರೂ ಕೈ ಮೇಲೆ ಮಾಡ್ಕೊಂಡು ಸತ್ರಿ. ನನ್ನ ಮಿಲ್ಲಿನ ಗತಿ ಹೇಳಿ ಸಾರ್!"

"ಮಿಲ್ಲು ಮುಚ್ಚೋದು ಬೇಡಮ್ಮ" ಎಂದರು ಮೇಷ್ಟ್ರು. "ಕಿವಿ ಮುಚ್ಚೋದನ್ನ ಕಲಿಸು. ಮಾತು ಬಂದ ಮೇಲೂ ಮುಚ್ಚಬಹುದು ಅಂತ ಈ ಕತ್ತೆ ತೋರಿಸ್ಕೊಟ್ಟ. ಏನೋ ಅಚ್ಚು, ಆ ಅಜ್ಜಿ ವಿಷಯ... ನಾನು ನಿಜವಾಗ್ಲೂ ಹಾಗೆ ಹೇಳ್ತಿದ್ನಾ?"

"ದಿನಾ ಹೇಳ್ತಿದ್ರಿ ಸಾರ್."

"ಇದೇ ದನೀಲಾ?"

ನಾನು ಅವರ ದನಿಯಲ್ಲೇ ಉತ್ತರ ಕೊಟ್ಟೆ: "ಇನ್ಯಾರ ದನೀಲಿ ಹೇಳ್ಲಿ, ನಿಮ್ಮಜ್ಜಿ ದನೀಲಾ?"

ನನ್ನ ಕಿವಿಯಲ್ಲಿ ಏನೋ ಒಡೆದ ಹಾಗಾಯಿತು. ಕುಕ್ಕೆ ಕೆಟ್ಟಿತೆಂದುಕೊಂಡು ಕಿತ್ತು ತೆಗೆದೆ.

ಹೊರಗೆ ಮಿಲ್ಲು ನಿಶ್ಶಬ್ದ. ಅಂಗಳದಲ್ಲಿ ಊರಿಗೆ ಊರೇ ಕಿವಿ ಮುಚ್ಚಿಕೊಂಡು ನಿಂತಿತ್ತು. ಮೇಷ್ಟ್ರು ಅಂಗೈ ಎತ್ತಿದ್ದನ್ನು ಎಲ್ಲರೂ ಕಂಡಿದ್ದರು. ಯಾರಿಗೆ, ಯಾಕೆ ಎಂದು ಕೇಳದೆ ಪದ್ಧತಿಯಂತೆ ಮುಚ್ಚಿಕೊಂಡಿದ್ದರು. ಆ ಮಾತು ಊರಿನಲ್ಲಿ ಒಬ್ಬರನ್ನೂ ಮುಟ್ಟಿರಲಿಲ್ಲ. ಈ ತುದಿಯಲ್ಲಿ ಯಲ್ಲೋಜಿ, ಆ ತುದಿಯಲ್ಲಿ ಸುಬ್ಬಣ್ಣ, ಇಬ್ಬರೂ ಕಿವಿ ಮುಚ್ಚಿಕೊಂಡೇ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಆಮೇಲೆ ಉಳಿದವರೆಲ್ಲ ಕೈ ತೆಗೆದರೂ ಸುಬ್ಬಣ್ಣನ ಒಂದು ಕೈ ಇನ್ನಷ್ಟು ಹೊತ್ತು ಕಿವಿಯ ಮೇಲೇ ಇತ್ತು. ಯಲ್ಲೋಜಿಯ ಆ ಹಳೇ ಮಾತಿಗೆ ಮುಚ್ಚಿಕೊಂಡಿದ್ದನೋ ಕೆರೆದುಕೊಳ್ಳುತ್ತಿದ್ದನೋ ಹೇಳಲಾರೆ.

ನಾರಿನ ಚಾಪೆಯ ಮೇಲೆ ಮೇಷ್ಟ್ರು ಬಾಗಿ ನಿಂತಿದ್ದರು. ಕುಕ್ಕೆ ಇನ್ನೂ ಕಣ್ಣಿನ ಮೇಲಿತ್ತು, ಬಾಯಿ ಬಾವಿಯಂತೆ ತೆರೆದಿತ್ತು. ಹೊಟ್ಟೆ ಹಿಡಿದುಕೊಂಡಿದ್ದರು, ಬಿಳಿ ಪ್ಯಾಂಟಿನ ಮಂಡಿಗಳು ಮಡಿಯುತ್ತಿದ್ದವು, ಸದ್ದು ಮಾತ್ರ ಇಲ್ಲ. ನನ್ನ ಹಾಗೇ ಕುಕ್ಕೆ ಕಿತ್ತ ಕಮಲಕ್ಕ ಗಾಬರಿಯಿಂದ ಬಕೆಟ್ಟು ಹಿಡಿದು ಓಡಿಬಂದು ಅವರ ಬಾಯಿಯ ಕೆಳಗೊಡ್ಡಿದಳು. ಅಂಗಳದ ಜನ ಒಬ್ಬೊಬ್ಬರಾಗಿ ಕಿವಿಯಿಂದ ಕೈ ತೆಗೆದು, ಏನಾಯಿತು ಏನಾಯಿತು ಎಂದು ಕತ್ತು ಚಾಚಿದರು. ಮೊದಲು "ಮಿಲ್ಲು ಮುಚ್ಚೋದು ಬೇಡಮ್ಮ" ಬಂತು. ಕಮಲಕ್ಕ ಅದನ್ನು ಎರಡನೇ ಸಲ ಕೇಳಿ ಬಕೆಟ್ಟನ್ನು ಎದೆಗವಚಿಕೊಂಡಳು. ಆಮೇಲೆ ಅಜ್ಜಿಯ ವಿಷಯ ಬಂತು, ಅಂಗಳವೆಲ್ಲ ಹೋ ಎಂದು ಬಾಯಿ ತೆರೆಯಿತು. ಆ ಹೋ ಇನ್ನೂ ದಾರಿಯಲ್ಲಿರುವಾಗಲೇ ಮೇಷ್ಟ್ರ ನಗು ಬಂದು ತಲುಪಿತು. ಮಿಲ್ಲಿನ ತಗಡು ಅದುರಿತು, ಚಾವಣಿಯಲ್ಲಿ ವರ್ಷಗಳಿಂದ ಕೂತಿದ್ದ ಹಿಟ್ಟಿನ ಧೂಳು ಉದುರಿ ನಮ್ಮೆಲ್ಲರ ತಲೆ ಬೆಳ್ಳಗಾಯಿತು. ಊರಿನ ನಗು ಹಿಂದಿನಿಂದ ಬಂದು ಸೇರಿಕೊಂಡಿತು. ಎಷ್ಟು ಜನ ನಕ್ಕರೂ ಆ ಒಂದು ನಗುವನ್ನು ಮುಳುಗಿಸಲಾಗಲಿಲ್ಲ.